ಎಣಿಕೆಗೆ ಮೊದಲು ಬಿದ್ದ ಹಾರ

ನಮ್ಮ ಗಣಿತದ ಮಾಸ್ತರರ ಎಡಗೈ ತೋರುಬೆರಳಿನ ಉಗುರು ಅರ್ಧ ಕಪ್ಪಾಗಿತ್ತು. ಎಪ್ಪತ್ತರ ದಶಕದ ಮೊದಲಿಗೆ ಸಾಲಾಗಿ ಎರಡು ಚುನಾವಣೆ ಬಂದಿದ್ದವು. ಮತಗಟ್ಟೆಯಲ್ಲಿ ಕೂತು ಊರಿನ ಬೆರಳಿಗೆಲ್ಲ ಶಾಯಿ ಹಚ್ಚಿದವರೂ ಅವರೇ. ಶಾಯಿ ಅಳಿಸಿದ ಮೇಲೂ ಆ ಬೆರಳನ್ನು ಮುಂದೆ ಚಾಚಿಯೇ ಮಾತಾಡುತ್ತಿದ್ದರು.

ಸಂಶಯ ಅವರ ಹುಟ್ಟುಗುಣ. ಹಾಲಿನವಳ ತಂಬಿಗೆಯಲ್ಲಿ ಬೆರಳದ್ದಿ ನೋಡುವರು. ಸಾಲೆಗೆ ಪುಗಸಟ್ಟೆ ಬರುತ್ತಿದ್ದ ಪರದೇಶದ ಸರಕಾರವೊಂದರ ಸಚಿತ್ರ ಪತ್ರಿಕೆಯ ನುಣುಪು ಹಾಳೆಯನ್ನು ಹತ್ತಿ ದಲಾಲನಂತೆ ಉಜ್ಜಿ, "ಇಷ್ಟು ಚಲೋ ಕಾಗದ ಸುಮ್ನ ಯಾರು ಕೊಡ್ತಾರಲೇ?" ಅನ್ನುವರು. ಮಕ್ಕಳನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಿದ್ದರು. ನಮ್ಮ ಲೆಕ್ಕದ ವಹಿಯನ್ನು ನಾವೇ ತಿದ್ದಿ ಅಂಕ ಹಾಕಿಕೊಳ್ಳಬೇಕು, ಅವರು ಇಣುಕಿ ಸಹ ನೋಡುತ್ತಿರಲಿಲ್ಲ.

ಆ ಪತ್ರಿಕೆಯವರು, ಒಬ್ಬ ಸಾಹೇಬ ಮತ್ತು ಒಬ್ಬ ಕ್ಯಾಮೆರಾದವ, ಒಮ್ಮೆ ಜೀಪಿನಲ್ಲಿ ಬಂದರು. ಹಳ್ಳಿಗಳಲ್ಲಿ ಪ್ರಜಾಪ್ರಭುತ್ವ ಬೆಳೆಸುವುದು ತಮ್ಮ ಸರಕಾರದ ಧೋರಣೆಯೆಂದು ಅವರ ದುಭಾಷಿ ಹೇಳಿದ.

"ನಿಮ್ಮ ದೇಶದಾಗ ಆ ಕೆಲಸ ಪೂರಾ ಆತೇನ್ರಿ?" ಮಾಸ್ತರರು ಕೇಳಿದರು. ದುಭಾಷಿ ಅದನ್ನು ಸಾಹೇಬನಿಗೆ ಹೇಳಲಿಲ್ಲ. ಮಾಸ್ತರರು ನಮ್ಮ ಕಡೆ ತಿರುಗಿದರು: "ಬಾಜೂ ದೇಶದಾಗ ಚುನಾವಣಿ ಗೆದ್ದವರನ್ನ ಜೇಲಿಗೆ ಹಾಕಿದ ಸೇನಾಪತಿಗೆ ಬಂದೂಕು ಕೊಟ್ಟವರು ಇವರೇ. ನಮಗ ಮತದ ಡಬ್ಬಿ ತೋರಸಾಕ ಬಂದಾರ."

ಅಂದು ಸಾಲೆಯ ಪ್ರಧಾನಿಯ ಆಯ್ಕೆ. ನಿಂತವರು ನಾನು ಮತ್ತು ಒಬ್ಬ ನೇಕಾರರ ಹುಡುಗಿ. ಎಲ್ಲರೂ ಡಬ್ಬಿಗೆ ಚೀಟಿ ಹಾಕಿದರು. ಗುಡಗೇರಿಯಲ್ಲಿ ರೈಲು ತಪ್ಪುತ್ತದೆಂದು ಕ್ಯಾಮೆರಾದವನಿಗೆ ಅವಸರ. ನನ್ನ ಎರಡು ಜಡೆ, ಕೆಂಪು ರಿಬ್ಬನ್ನು ಅವನಿಗೆ ಹಿಡಿಸಿರಬೇಕು. ಗೆದ್ದವರಿಗೆಂದು ಇಟ್ಟಿದ್ದ ಹಾರವನ್ನು ನನ್ನ ಕೊರಳಿಗೆ ಹಾಕಿಸಿ ಫೋಟೋ ಹೊಡೆದ.

"ಎಣಿಕಿ ಆಗೂಕಿಂತ ಮೊದಲ ಹಾರ ಬಿದ್ರ ಅದು ಚುನಾವಣಿ ಅಲ್ರಿ, ಲಗ್ನ!" ಮಾಸ್ತರರು ಗುಡುಗಿದರು.

ಜೀಪು ಹೋದ ಮೇಲೆ ಚೀಟಿಗಳನ್ನು ಎರಡು ಸಲ ಎಣಿಸಿದರು. ನಾನು ಸೋತಿದ್ದೆ. ಹಾರವನ್ನು ನನ್ನ ಕೈಯಿಂದಲೇ ಆ ಹುಡುಗಿಗೆ ಹಾಕಿಸಿದರು.

ಕೆಲವು ತಿಂಗಳ ಮೇಲೆ ಪತ್ರಿಕೆಯಲ್ಲಿ ನನ್ನ ಚಿತ್ರ ಬಂತು. ಕೆಳಗೆ, ಮತ ಹಾಕಲು ಕಲಿಯುತ್ತಿರುವ ಹಳ್ಳಿಯಲ್ಲಿ ಗೆದ್ದ ಹುಡುಗಿ ಎಂಬ ಒಕ್ಕಣೆ. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ.

ಮಾಸ್ತರರು ನನ್ನ ಹೆಸರಿನಲ್ಲಿ ಪತ್ರಿಕೆಗೆ ಪತ್ರ ಬರೆದು ನಮ್ಮ ಮನೆಗೇ ತಂದರು. "ನಾವು ಕಲೀಲಿಕ್ಕೆ ಹತ್ತೇವಂತ! ಈ ಬೆರಳಿಗೆ ಎಷ್ಟು ಸಲ ಶಾಯಿ ಬಿದ್ದೈತಿ, ಕೇಳ್ಯಾರೇನು? ಸೋತಾಕಿ ನಾನು ಅಂತ ಸಹಿ ಮಾಡು ತಂಗಿ. ನಾ ಬರದ್ರ ನಂಬೂದಿಲ್ಲ, ನೀ ಬರದ್ರ ನಂಬ್ತಾರ."

ಅಪ್ಪನ ಮುಖ ನೋಡಿದಂತೆ ಮಾಡಿ ನಾನು ಪೆನ್ನು ಮುಟ್ಟಲಿಲ್ಲ. ಖರೆ ಹೇಳಬೇಕೆಂದರೆ ಅದು ಅಪ್ಪನ ಅಂಜಿಕೆಯಲ್ಲ. ಆ ಚಿತ್ರದಲ್ಲಿ ನಾನು ಚೆಂದ ಕಾಣುತ್ತಿದ್ದೆ.

"ಆತು ಬಿಡು," ಎಂದು ಪತ್ರ ಮಡಚಿಕೊಂಡು ಹೋದರು. ಮರುದಿನದಿಂದ ಇಡೀ ವರ್ಗದಲ್ಲಿ ನನ್ನ ವಹಿಯೊಂದನ್ನು ಮಾತ್ರ ಅವರೇ ತಿದ್ದತೊಡಗಿದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅವರು ತೀರಿಕೊಂಡಾಗ ನಾನು ಗಂಡನ ಮನೆಯಿಂದ ಅವರ ಮನೆಯವರನ್ನು ಮಾತಾಡಿಸಲು ಹೋದೆ. ಅವರ ಹೆಂಡತಿ ಟ್ರಂಕಿನಿಂದ ಆ ಪತ್ರ ತೆಗೆದುಕೊಟ್ಟರು. "ನೀ ಬಂದ್ರ ಕೊಡು ಅಂದಿದ್ರು." ಸಹಿಯ ಜಾಗ ಹಾಗೆಯೇ ಖಾಲಿ ಇತ್ತು.

ಪತ್ರಿಕೆ ನಿಂತು ಬಹಳ ವರ್ಷವಾಗಿತ್ತು. ಆದರೂ ಸಹಿ ಮಾಡಿದೆ. ತವರಿನ ಪಡಸಾಲೆಯ ಚಿತ್ರ ಇಳಿಸಿ, ಅದೇ ಮೊಳೆಗೆ ಪತ್ರ ತೂಗುಹಾಕಿದೆ. ಆ ಒಂದು ಉತ್ತರವನ್ನು ನಾನೇ ತಿದ್ದಿಕೊಂಡಿದ್ದೇನೆ, ನಂಬಲು ಅವರಿಲ್ಲ.