ಬೈದವರೇ ಅಳಿಸಿದರು

ಐದಕ್ಕೆ ಏಳುವುದು, ಸ್ನಾನ, ಕಾಫಿ, ಆಮೇಲೆ ಕಮೆಂಟು. ನರ್ಸಾಗಿದ್ದಾಗ ವಾರ್ಡಿನ ರೌಂಡ್ಸಿಗೆ ಮೀಸಲಾಗಿದ್ದ ಹೊತ್ತು ನಿವೃತ್ತಿಯ ನಂತರ ಹೀಗೆ ತುಂಬಿತು. ನನ್ನ ತಮ್ಮನ ಮಗಳು ಪುತ್ತೂರಿನಿಂದ ಊರ ಸುದ್ದಿಯ ಅಂತರ್ಜಾಲ ಪುಟವೊಂದನ್ನು ನಡೆಸುತ್ತಾಳೆ. ಸುದ್ದಿಯ ಕೆಳಗೆ ಜನ ಬರೆಯುವುದನ್ನು ಓದಿ, ಇರಬಾರದ್ದನ್ನು ತೆಗೆಯುವುದು ನನ್ನ ಕೆಲಸ. ಕೆಟ್ಟ ಮಾತು ಹಿಡಿಯಲು ಅವಳ ಬಳಿ ಯಂತ್ರದ ಏರ್ಪಾಡೂ ಇದೆ. ಆದರೆ ತುಳುವನ್ನು ಇಂಗ್ಲಿಷ್ ಅಕ್ಷರದಲ್ಲೋ ಮಲಯಾಳವನ್ನು ಕನ್ನಡ ಅಕ್ಷರದಲ್ಲೋ ಬರೆದು ಬೈದರೆ, ಅದು ಆಶೀರ್ವಾದವೆಂದು ತಿಳಿದು ಬಿಟ್ಟುಬಿಡುತ್ತದೆ.

ನನ್ನದೊಂದು ಕ್ರಮ. ತೆಗೆದ ಮೇಲೆ ಬರೆದವರಿಗೆ ಕಾರಣ ತಿಳಿಸಬೇಕು, ಅದೂ ಅವರು ಬೈದ ಭಾಷೆಯಲ್ಲೇ. ರೋಗಿಯ ಮನೆಮಾತಿನಲ್ಲಿ ಗದರಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆಂದು ವಾರ್ಡಿನಲ್ಲಿ ಕಲಿತಿದ್ದೆ.

ಈಚೆಗೆ ಪುಟದಲ್ಲಿ ಒಂದು ವಿಡಿಯೊ ಬಂತು. ಸುಳ್ಯದ ದಾರಿಯ ಖಾಸಗಿ ಬಸ್ಸು. ಕಂಡಕ್ಟರ್ ಅಜ್ಜಿಯೊಬ್ಬಳ ಮೇಲೆ ರೇಗುತ್ತಾನೆ, ಅಜ್ಜಿ ರಸ್ತೆಯ ತಿರುವಿನಲ್ಲಿ ಇಳಿಯುತ್ತಾಳೆ. ನಡುದಾರಿಯಲ್ಲಿ ಇಳಿಸಿದನೆಂದು ಜನ ಮುಗಿಬಿದ್ದರು. ಅವನ ತಾಯಿಯನ್ನೂ ಜಾತಿಯನ್ನೂ ಬಿಡಲಿಲ್ಲ. ಇದು ತಣ್ಣಗಾಗುವವರೆಗೆ ಕೆಲಸಕ್ಕೆ ಬರಬೇಡವೆಂದು ಬಸ್ಸಿನ ಧಣಿ ಹೇಳಿದರಂತೆ. ಕಂಡಕ್ಟರ್ ಪುಟದವರ ಮನೆ ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದ.

"ಎಲ್ಲ ತೆಗೀಲಿಕ್ಕೆ ಆಗ್ತದಾ ಅಕ್ಕ?"

"ಬೈದದ್ದನ್ನು ತೆಗೀತೇನೆ. ನಿಮ್ಮದು ತಪ್ಪು ಅಂತ ಹೇಳಿದ್ದನ್ನು ತೆಗೀಲಿಕ್ಕೆ ಆಗುದಿಲ್ಲ."

"ನಾನು ಆ ಅಜ್ಜಿಗೆ ದಿನಾ ಬೈಯುದು. ಅವರು ನನಗೆ ಇನ್ನೂ ಜೋರು ಬೈತಾರೆ. ಅದು ವಿಡಿಯೊದಲ್ಲಿ ಇಲ್ಲ."

ಅಜ್ಜಿಯ ಮನೆ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ, ತಿರುವು ಮಾತ್ರ ಗೊತ್ತು. ನಾನು ಬೈಗುಳಗಳನ್ನು ತೆಗೆಯುತ್ತಾ, ಒಬ್ಬೊಬ್ಬರಿಗೂ ಕಾರಣ ಬರೆಯುತ್ತಾ ಕೂತೆ. ಸುಳ್ಯದ ಕಡೆಯ ಮನೆಮಾತಾದ ಅರೆಭಾಷೆಯಲ್ಲಿ ಬೈದವರೊಬ್ಬರಿಗೆ ಅರೆಭಾಷೆಯಲ್ಲೇ ಕೇಳಿದೆ, ಆ ಅಜ್ಜಿಯನ್ನು ನೀವು ವಿಚಾರಿಸಿದ್ದೀರಾ ಎಂದು.

ಅವರು ಅದೇ ತಿರುವಿನ ಆಚೆ ಮನೆಯವರು. ಹೋಗಿ ವಿಚಾರಿಸಿಯೇ ಬಿಟ್ಟರು. ಮರುದಿನ ಬೆಳಿಗ್ಗೆ ಅಜ್ಜಿಯ ಮಾತನ್ನು ಹಾಗೆಯೇ ಕಮೆಂಟಿನಲ್ಲಿ ಇಳಿಸಿದ್ದರು. ಕನ್ನಡದಲ್ಲಿ ಹೇಳಿದರೆ ಹೀಗೆ: "ತಿರುವಿನಲ್ಲಿ ಇಳೀಬೇಡಿ, ಲಾರಿ ಬರ್ತದೆ ಅಂತ ಅವನು ಬೈತಾನೆ. ನನ್ನ ಮೊಣಕಾಲಿಗೆ ಸ್ಟಾಪು ದೂರ, ಅಲ್ಲೇ ಇಳೀತೇನೆ. ಆಮೇಲೆ ಬುಟ್ಟಿ ಇಳಿಸಿ ಕೊಡುದೂ ಅವನೇ. ಅವನಿಗೆ ಬೈಲಿಕ್ಕೆ ನಾನೊಬ್ಬಳು ಸಾಕು."

ಆಮೇಲೆ ನಡೆದದ್ದನ್ನು ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಅಂದು ನಾನು ಏನನ್ನೂ ಮುಟ್ಟಿರಲಿಲ್ಲ, ಆದರೂ ಕಮೆಂಟುಗಳ ಸಂಖ್ಯೆ ಇಳಿಯುತ್ತಿತ್ತು. ತಪ್ಪು ಅವನದೇ ಎಂದು ಬರೆದಿದ್ದವರು ತಮ್ಮ ಮಾತನ್ನು ತಾವೇ ಅಳಿಸುತ್ತಿದ್ದರು. ಯಾರೂ ಹೇಳಿರಲಿಲ್ಲ, ಒಬ್ಬರಿಗೊಬ್ಬರು ಕಾಣುತ್ತಲೂ ಇರಲಿಲ್ಲ. ಒಬ್ಬರು ಮಾತ್ರ ತಮ್ಮದನ್ನು ಉಳಿಸಿ, ಕೆಳಗೆ "ನೋಡದೆ ಬರೆದೆ, ತಪ್ಪಾಯ್ತು ಮಾರಾಯ್ರೆ" ಎಂದು ಸೇರಿಸಿದ್ದರು. ಜ್ವರ ಇಳಿಯುವುದನ್ನು ನಾನು ಎಷ್ಟೋ ಮಂಚಗಳ ಪಕ್ಕ ನಿಂತು ಕಂಡಿದ್ದೇನೆ. ಇಡೀ ಊರಿಗೇ ಇಳಿಯುವುದನ್ನು ಕಂಡದ್ದು ಅಂದೇ. ಕಾಫಿ ಆರಿಹೋಗಿತ್ತು.

ಧಣಿಯೂ ಓದಿದ್ದಿರಬೇಕು, ಅವನನ್ನು ಮತ್ತೆ ಕರೆದರು. ಆ ಮೇಲೊಮ್ಮೆ ಸುಳ್ಯಕ್ಕೆ ಅದೇ ಬಸ್ಸಿನಲ್ಲಿ ಹೋದೆ. ತಿರುವಿನಲ್ಲಿ ಅಜ್ಜಿ ಎದ್ದಳು. ಕಂಡಕ್ಟರ್ ಬಾಯಿ ತೆರೆದವನು ಸೀಟುಗಳಲ್ಲಿದ್ದವರ ಕೈಯ ಫೋನುಗಳತ್ತ ಒಮ್ಮೆ ನೋಡಿ ಮುಚ್ಚಿಕೊಂಡ, ಸುಮ್ಮನೆ ಬುಟ್ಟಿ ಇಳಿಸಿಕೊಟ್ಟ.

ಅಜ್ಜಿ ರಸ್ತೆಯಲ್ಲಿ ನಿಂತು ಮೇಲೆ ನೋಡಿದಳು. "ಎಂತ, ಇವತ್ತು ಬಾಯಿ ಮನೇಲಿ ಬಿಟ್ಟು ಬಂದಿದ್ದೀಯಾ?"

ಅವನು ಶುರುಮಾಡಿದ. ಬಸ್ಸು ಹೊರಟು ತಿರುವು ಮರೆಯಾಗುವವರೆಗೂ ನಿಲ್ಲಿಸಲಿಲ್ಲ.