ವರ್ಲಿನ್ ಅಳಿಸಿದ ನಂಬರು

ಇಂಡಿಯಾನಾದ ಮನ್ಸಿ ಊರಿನ ಸುತ್ತಮುತ್ತ ವರ್ಲಿನ್ ಟ್ರಾಬ್‌ಗೆ ಇದ್ದ ಮರ್ಯಾದೆ ಪಾದ್ರಿಗೂ ಇರಲಿಲ್ಲ. ಪಾದ್ರಿಯ ಮಾತನ್ನು ಜನ ಭಾನುವಾರ ಕೇಳಿ ಸೋಮವಾರ ಮರೆಯುತ್ತಿದ್ದರು. ವರ್ಲಿನ್ ಹೇಳಿದ್ದನ್ನು ಹಾಗೇ ನಡೆಸುತ್ತಿದ್ದರು, ಯಾಕೆಂದರೆ ಅವನು ಹಳೆಯ ಕಾರುಗಳ ವಿಷಯದಲ್ಲಿ ಸುಳ್ಳು ಹೇಳಿದ್ದೇ ಇಲ್ಲ.

ಅವನ ಲೋಕವೆಂದರೆ ಬಿಗ್ ಬ್ಲಾಕ್ ಎಂಜಿನ್ನು. ಅರವತ್ತರ ದಶಕದ ಕೊನೆಯಲ್ಲಿ ಹುಡುಗರು ರಸ್ತೆಯಲ್ಲಿ ಪಂದ್ಯ ಕಟ್ಟಲೆಂದೇ ಬಂದಂತಿದ್ದ ಕಾರುಗಳಿಗೆ ಕೂರಿಸುತ್ತಿದ್ದ, ಪೆಟ್ರೋಲನ್ನು ನೀರಿನಂತೆ ಕುಡಿಯುವ, ಎಂಟು ಸಿಲಿಂಡರಿನ ದೈತ್ಯ. ಸವೆದು ಬಂದ ಎಂಜಿನ್ನುಗಳನ್ನು ಬಿಚ್ಚಿ, ಕೊರೆದು, ಹೆರೆದು ಮತ್ತೆ ಜೀವ ಕೊಡುವುದು ಅವನ ಕಸುಬು. ಜೊತೆಗೆ ಇನ್ನೊಂದು ಕೆಲಸವೂ ಅವನ ಹೆಗಲಿಗೆ ಬಿದ್ದಿತ್ತು. ಕಾರ್ಖಾನೆಯವರು ಎಂಜಿನ್ನಿನ ಕಬ್ಬಿಣದ ಒಡಲಾದ ಬ್ಲಾಕಿನ ಮುಂತುದಿಯ ಮೇಲೆ ಹೊಡೆದ ನಂಬರು ಕಾರಿನ ಚಾಸಿ ನಂಬರಿಗೆ ಹೊಂದಿದರೆ ಅದು ಕಾರಿನ ಜೊತೆಗೇ ಹುಟ್ಟಿದ ಎಂಜಿನ್ನು. ಹೊಂದದಿದ್ದರೆ ಎಲ್ಲಿಂದಲೋ ತಂದು ಕೂರಿಸಿದ್ದು. ಹೊಂದಿದ ಕಾರಿಗೆ ಬೆಲೆ ಹೆಚ್ಚೆಂದು ಆಸೆಬುರುಕರು ಹಳೆಯ ನಂಬರನ್ನು ಉಜ್ಜಿ ತಮಗೆ ಬೇಕಾದ್ದನ್ನು ಹೊಡೆದುಕೊಳ್ಳುತ್ತಿದ್ದರು. ವರ್ಲಿನ್ ಭೂತಗನ್ನಡಿ ಹಿಡಿದು ನೋಡಿ, ಉಗುರಿನಿಂದ ಒಮ್ಮೆ ಸವರಿ, ಅಸಲಿಯೋ ನಕಲಿಯೋ ಹೇಳಿಬಿಡುತ್ತಿದ್ದ.

ಅಂಥವನ ಕೈಗೆ ಹಳೆಯ ಗೆಳೆಯ ಗೇಲನ್ ಹಫ್ ತನ್ನ ಶೆವೆಲ್ ಕಾರಿನ ಎಂಜಿನ್ನನ್ನು ಕೊಟ್ಟ. ಗೇರ್‌ಬಾಕ್ಸ್ ಮಾಡುವ ಕಾರ್ಖಾನೆಯಲ್ಲಿ ದುಡಿದು ೧೯೬೯ರಲ್ಲಿ ಹೊಸದಾಗಿ ಕೊಂಡ ಕಾರು ಅದು. ನಲವತ್ತೈದು ವರ್ಷ ಅದರ ಸ್ಕ್ರೂ ತಿರುಗಿಸಲೂ ಇನ್ನೊಬ್ಬರನ್ನು ಬಿಟ್ಟಿರಲಿಲ್ಲ. ವರ್ಲಿನ್ ಪ್ಲಿಮತ್ ಕಂಪನಿಯ ಕಾರುಗಳ ಪಂಗಡ, ಗೇಲನ್ ಶೆವೆಲ್ ಮಾಡುವ ಶೆವರ್ಲೆಯ ಪಂಗಡ. ಒಬ್ಬರನ್ನೊಬ್ಬರು ಹಂಗಿಸದೆ ಇಬ್ಬರಿಗೂ ತಿಂದದ್ದು ಅರಗುತ್ತಿರಲಿಲ್ಲ.

“ಇದನ್ನ ಎಂಜಿನ್ ಅಂತಾರೇನೋ? ಹಿಟ್ಟಿನ ಗಿರಣಿಗಾದ್ರೂ ಹಾಕು,” ಎಂದಿದ್ದ ವರ್ಲಿನ್, ಇಳಿಸಿಕೊಳ್ಳುವಾಗ.

“ನಿನ್ನ ಪ್ಲಿಮತ್ತು ಗಿರಣಿವರೆಗಾದ್ರೂ ಹೋಗತ್ತಾ, ಅದನ್ನ ಹೇಳು,” ಎಂದಿದ್ದ ಗೇಲನ್. ಆಮೇಲೆ ದನಿ ತಗ್ಗಿಸಿ, “ಹುಷಾರು ಕಣೋ. ಅಕ್ಟೋಬರಿನ ಪ್ರದರ್ಶನಕ್ಕೆ ಅಸಲಿ ಕಾರುಗಳ ಸಾಲಲ್ಲಿ ನಿಲ್ಲಿಸ್ಬೇಕು,” ಎಂದ.

ಬ್ಲಾಕಿನ ಮೇಲ್ಮೈ ಡೊಂಕಾಗಿದ್ದರೆ ಕೂದಲೆಳೆಯಷ್ಟು ಹೆರೆದು ಮಟ್ಟ ಮಾಡಬೇಕು. ನಂಬರಿರುವುದು ಅದೇ ಮೇಲ್ಮೈಯ ತುದಿಯಲ್ಲಿ. ಅಲ್ಲಿಗೆ ಬರುವ ಮುಂಚೆ ಯಂತ್ರ ನಿಲ್ಲಿಸಬೇಕು. ಮರೆಯದಿರಲೆಂದು ವರ್ಲಿನ್ ಯಂತ್ರದ ಹಿಡಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದ. ಅವತ್ತೂ ಕಟ್ಟಿದ್ದ. ಅಷ್ಟರಲ್ಲಿ ಯಾರೋ ಫೋನು ಮಾಡಿ ನಕಲಿ ನಂಬರನ್ನು ಕಂಡುಹಿಡಿಯುವುದು ಹೇಗೆ ಎಂದು ಕೇಳಿದರು. ಆ ವಿಷಯ ಸಿಕ್ಕರೆ ವರ್ಲಿನ್‌ಗೆ ಊಟವೂ ಬೇಡ. ಫೋನನ್ನು ಹೆಗಲಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ಯಂತ್ರ ನಡೆಸುತ್ತಲೇ ಪಾಠ ಶುರು ಮಾಡಿದ. “ನಂಬರಿನ ಕೆಳಗೆ ಕಾರ್ಖಾನೆ ಯಂತ್ರ ಬಿಟ್ಟ ಸಣ್ಣ ಸಣ್ಣ ಗೆರೆ ಇರ್ತವೆ, ನೋಡಿ. ಅದು ಹೋಗಿದ್ರೆ ಯಾರೋ ಕೈಯಾಡಿಸಿದಾರೆ ಅಂತ,” ಎನ್ನುತ್ತ ಬಗ್ಗಿ ನೋಡಿದರೆ ಗೆರೆಯೂ ಇಲ್ಲ, ನಂಬರೂ ಇಲ್ಲ. ಕನ್ನಡಿಯ ಹಾಗೆ ಹೊಳೆಯುವ ಕಬ್ಬಿಣ.

ಅವನು ಯಂತ್ರ ನಿಲ್ಲಿಸಿ, ಫೋನು ಇಟ್ಟ.

ಬೀರುವಿನ ಕೆಳಗಿನ ಖಾನೆಯಲ್ಲಿ ನಂಬರು ಹೊಡೆಯುವ ಅಚ್ಚುಗಳ ಪೆಟ್ಟಿಗೆಯೊಂದಿತ್ತು. ನಕಲಿ ನಂಬರು ಹೊಡೆಯುವುದರಲ್ಲಿ ಹೆಸರಾದ ಒಬ್ಬ ಸತ್ತಾಗ, ಇನ್ನೊಬ್ಬ ಕಳ್ಳನ ಕೈಗೆ ಸಿಗದಿರಲಿ ಎಂದು ವರ್ಲಿನ್ನೇ ಹರಾಜಿನಲ್ಲಿ ಹಿಡಿದಿದ್ದ. ಕಾರ್ಖಾನೆಯ ಅಕ್ಷರಗಳೇ. ಗೆರೆ ಎಳೆಯುವ ವಿದ್ಯೆಯೂ ಅವನಿಗೆ ಗೊತ್ತು. ಅವನು ಹೊಡೆದರೆ ಹಿಡಿಯಬಲ್ಲವನು ಆ ಸೀಮೆಯಲ್ಲಿ ಒಬ್ಬನೇ, ಅವನೇ.

ಮೂರು ದಿನ ಆ ಪೆಟ್ಟಿಗೆ ತೆಗೆದ, ಮುಚ್ಚಿದ. ಹೆಂಡತಿ ಆರ್ಲೀನ್ ಅವನಿಗಿಷ್ಟವಾದ ಕೆನೆಸಕ್ಕರೆ ಪೈ ಮಾಡಿದರೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಅವಳು ಗದರಿಸಿದ ಮೇಲೆ ಬಾಯಿಬಿಟ್ಟ.

“ಹೊಡೆದುಬಿಟ್ರೆ ಏನಾಗತ್ತೆ?” ಎಂದಳು ಆರ್ಲೀನ್.

“ಏನೂ ಆಗಲ್ಲ. ಅದೇ ಕಷ್ಟ.”

“ಹಾಗಾದ್ರೆ ಎದ್ದು ಹೋಗಿ ಹೇಳು. ಪೈ ಹಾಳಾಗ್ತಿದೆ.”

ವರ್ಲಿನ್ ಹೇಳಿಕಳಿಸಿದ ಮೇಲೆ ಗೇಲನ್ ಅವನ ಕೆಲಸದ ಶೆಡ್ಡಿಗೆ ಬಂದ. ವರ್ಲಿನ್ ಹೇಳಿದ್ದನ್ನೆಲ್ಲ ಕೇಳಿ, ನುಣ್ಣಗಿದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. ಬಯ್ಯಲಿಲ್ಲ. ಬಯ್ದಿದ್ದರೆ ವರ್ಲಿನ್‌ಗೆ ಎಷ್ಟೋ ಹಗುರವಾಗುತ್ತಿತ್ತು. “ನಾನೇ ಮಾಡ್ಕೋಬೇಕಿತ್ತು,” ಎಂದಷ್ಟೇ ಹೇಳಿ ಹೊರಟುಹೋದ. ಮುಂದಿನ ಎರಡು ಶನಿವಾರ, ಎಲ್ಲರೂ ಕಾರು ತಂದು ಬಾನೆಟ್ಟು ತೆರೆದಿಟ್ಟು ಹರಟುವ ಹ್ಯಾಂಬರ್ಗರ್ ಅಂಗಡಿಯ ಅಂಗಳಕ್ಕೂ ಬರಲಿಲ್ಲ. ವರ್ಲಿನ್‌ಗೆ ಆ ಪರಿಚಿತ ಅಂಗಳದಲ್ಲೇ ಪರದೇಶಿಯಾದ ಹಾಗಾಯಿತು.

ಮೂರನೆಯ ವಾರ ಗೇಲನ್ ಒಂದು ಚೀಟಿ ಹಿಡಿದು ಶೆಡ್ಡಿಗೆ ಬಂದ. “ಆ ಕಳ್ಳನ ಅಚ್ಚು ತೆಗಿ. ಇದರಲ್ಲಿ ಬರ್ದಿರೋದನ್ನ ಹೊಡಿ.”

ವರ್ಲಿನ್ ಓದಿದ. ಮುಖ ಕೆಂಪಾಯಿತು. “ಊರಿಗೆಲ್ಲ ಕಾಣತ್ತಲ್ಲೋ.”

“ಕಾಣ್ಲಿ ಅಂತಾನೇ.”

ವರ್ಲಿನ್ ಹೊಡೆದ. ಒಂದೊಂದು ಅಕ್ಷರವನ್ನೂ ನೆಟ್ಟಗೆ, ಒಂದೇ ಏಟಿಗೆ. ಎಂಜಿನ್ನು ಕಾರಿಗೆ ಸೇರಿತು. ಪ್ರದರ್ಶನದಲ್ಲಿ ಅಸಲಿಗಳ ಸಾಲಿಗೆ ಬಿಡಲಿಲ್ಲ. ಗೇಲನ್ ಬೇರೆ ಸಾಲಿನಲ್ಲಿ ನಿಲ್ಲಿಸಿದ. ಅದಾದ ಮೇಲೆ ಪ್ರತಿ ಶನಿವಾರವೂ ಯಾರು ಬಗ್ಗಿ ನೋಡಿದರೂ, “ವರ್ಲಿನ್, ಬಾರೋ, ನಿನ್ನ ಕಥೆ ಕೇಳ್ತಿದಾರೆ,” ಎಂದು ಕೂಗುತ್ತಿದ್ದ. ವರ್ಲಿನ್ ತಲೆ ತಗ್ಗಿಸಿ ಬಂದು, ಫೋನಿನಿಂದ ಶುರು ಮಾಡಿ, ಒಂದನ್ನೂ ಬಿಡದೆ ಹೇಳುತ್ತಿದ್ದ.

ಮುಂದಿನ ಬೇಸಿಗೆಯಲ್ಲಿ ಒಹಾಯೊ ಕಡೆಯವನೊಬ್ಬ ಶನಿವಾರದ ಅಂಗಳಕ್ಕೆ ಥಳಥಳಿಸುವ ಕಾರು ತಂದ. ಮಾರುವ ಮುಂಚೆ ವರ್ಲಿನ್‌ನಿಂದ ಅಸಲಿ ಎನ್ನಿಸಿಕೊಳ್ಳಬೇಕಿತ್ತು. ವರ್ಲಿನ್ ಭೂತಗನ್ನಡಿ ಹಿಡಿದ, ಉಗುರಿನಿಂದ ಸವರಿದ, ನೆಟ್ಟಗಾದ.

“ಇದು ಆಮೇಲೆ ಹೊಡ್ದಿರೋದು.”

“ನೀನ್ಯಾರಯ್ಯ ಹೇಳೋಕೆ? ನಿನ್ನ ಮಾತನ್ನ ಯಾಕೆ ನಂಬ್ಬೇಕು?” ಎಂದ ಆತ, ಎಲ್ಲರಿಗೂ ಕೇಳುವಂತೆ.

ವರ್ಲಿನ್ ಭೂತಗನ್ನಡಿಯನ್ನು ಕೆಳಗಿಳಿಸಿದ. ತನ್ನ ಮಾತಿಗೆ ಈಗ ಎಷ್ಟು ಬೆಲೆಯಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಆಲೂಗಡ್ಡೆ ಫ್ರೈ ತಿನ್ನುತ್ತಿದ್ದ ಗೇಲನ್ ಕೈ ಒರೆಸಿಕೊಂಡು ಎದ್ದು, ಶೆವೆಲ್ಲಿನ ಬಾನೆಟ್ಟು ಎತ್ತಿ, “ಬನ್ನಿ ಸ್ವಾಮಿ. ಇದನ್ನೋದಿ,” ಎಂದ.

ಆತ ಬಗ್ಗಿ ಗಟ್ಟಿಯಾಗಿ ಓದಿದ. “ನಂಬರು ಅಳಿಸಿದವನು ವರ್ಲಿನ್ ಟ್ರಾಬ್, ಜುಲೈ ೨೦೧೪. ಏನಿದು?”

“ಹೊಡ್ದವನೂ ಅವನೇ. ಬೇಕಿದ್ರೆ ಹಳೇ ನಂಬರೇ ಹೊಡೀಬೋದಿತ್ತು. ನಂಗೆ ಸಾಯೋವರ್ಗೂ ಗೊತ್ತಾಗ್ತಿರ್ಲಿಲ್ಲ. ಈಗ ಹೇಳಿ, ಇವನ ಮಾತು ನಂಬ್ಬೇಕೋ ಬೇಡ್ವೋ?”

ಆತ ಹೋಗಿ ತನ್ನ ಕಾರಿನ ಬಾನೆಟ್ಟು ಮುಚ್ಚಿದ.

ವರ್ಲಿನ್ ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಒರೆಸಿದ. “ಏನೇ ಹೇಳು, ನನ್ನ ಪ್ಲಿಮತ್ತಿನ ಮುಂದೆ ಇದು ಹಿಟ್ಟಿನ ಗಿರಣಿನೇ ಕಣೋ,” ಎಂದ.

ಗೇಲನ್ ಕಾರಿನೊಳಗೆ ಕೂತು, ಅವನ ಮಾತು ಕೇಳಿಸದಂತೆ, ಎಂಜಿನ್ ಚಾಲೂ ಮಾಡಿದ.