ಹುಬ್ಬಿನ ತುದಿಯ ಗಂಟು

ಮಾಧವರಂ ಹಾಲಿನ ಡೈರಿಯ ಹಿಂಬದಿಯ ಬೀದಿಗಳಲ್ಲಿ ಯಾರಾದರೂ ಬಂದು ಕನ್ನಡದ ಸಾಕಮ್ಮನ ಮನೆ ಎಲ್ಲಿ ಎಂದು ಕೇಳಿದರೆ, ದಾರಿ ಹೇಳುವವರು ಮೊದಲು ತಮ್ಮ ಎಡಹುಬ್ಬಿನ ತುದಿಯನ್ನು ಬೆರಳಿನಿಂದ ಮುಟ್ಟಿಕೊಳ್ಳುತ್ತಿದ್ದರು. “ಇಂಗ ಒಂದು ಉರುಂಡೈ ಇರುಕ್ಕುಮೇ, ಅವಂಗಳಾ?” ಇಲ್ಲೊಂದು ಉಂಡೆ ಇದೆಯಲ್ಲ, ಅವರಾ ಎಂದು. ಮದರಾಸಿಗೆ ಬಂದ ಹೊಸತರಲ್ಲಿ ಸಾಕಮ್ಮ ಅರ್ಥ ಮಾಡಿಕೊಂಡ ಮೊದಮೊದಲ ತಮಿಳು ಮಾತುಗಳಲ್ಲಿ ಅದೂ ಒಂದು.

ಆ ಉಂಡೆ ಹುಟ್ಟಿನಿಂದಲೇ ಬಂದದ್ದು. ಕೊಳ್ಳೇಗಾಲದ ಕಡೆಯ ಊರಿನಲ್ಲಿ ಅವಳು ಹುಟ್ಟಿದಾಗ ಹುರುಳಿಕಾಳಿನಷ್ಟಿತ್ತಂತೆ. ಅವಳು ನಡೆಯಲು ಕಲಿಯುವ ಹೊತ್ತಿಗೆ ಅವರೆಕಾಳಾಯಿತು. ಅವ್ವ ಹುಚ್ಚಮ್ಮ ಸುಮ್ಮನೆ ಕೂರುವ ಹೆಂಗಸಲ್ಲ. ಕುದುರೆ ಬಾಲದ ಕೂದಲು ಬಿಗಿದರೆ ಉದುರಿಹೋಗುತ್ತದೆ ಎಂದು ಯಾರೋ ಹೇಳಿದರು. ಸಂತೆಯ ಜಟಕಾದವನನ್ನು ಕಾಡಿ ಬೇಡಿ ಕೂದಲು ತಂದಳು. ಕಟ್ಟಲು ಹೋದರೆ ಅದೇನು ನರಹುಲಿಯೇ? ತೊಗಲಿನ ಒಳಗೆ ಅಡಗಿ ಕೂತದ್ದು ಕೂದಲಿನ ಕುಣಿಕೆಗೆ ಸಿಕ್ಕೀತೆ? ಸುಣ್ಣಕ್ಕೆ ಬಟ್ಟೆಸೋಪು ಕಲಸಿ ಹಚ್ಚಿದಳು. ತೊಗಲು ಸುಟ್ಟು ಕಪ್ಪಾಯಿತೇ ಹೊರತು ಗಂಟು ಜಗ್ಗಲಿಲ್ಲ. ಕೊನೆಗೆ, “ಇದು ದೇವ್ರು ಮಡಗಿರದು. ಮಡಗಿದವನೇ ತಕ್ಕೊಳ್ಳಲಿ” ಎಂದು ಕೈಬಿಟ್ಟಳು.

ದೇವರು ತಕ್ಕೊಳ್ಳಲಿಲ್ಲ. ಸಾಕಮ್ಮ ಮೈನೆರೆದು ಮದುವೆಯ ವಯಸ್ಸಿಗೆ ಬಂದಳು. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು, ಮುಖ ನೋಡಿ, ಊರಿಗೆ ಹೋಗಿ ಹೇಳಿಕಳಿಸ್ತೀವಿ ಎಂದು ಎದ್ದರೆ ಮತ್ತೆ ಸುದ್ದಿಯೇ ಇರುತ್ತಿರಲಿಲ್ಲ. ಒಂದು ಯುಗಾದಿಗೆ ಹುಚ್ಚಮ್ಮನ ಅಣ್ಣನ ಮಗ ಅಂದಾನಿ ಮದರಾಸಿನಿಂದ ಬಂದ. ಮಾಧವರಂ ಡೈರಿಯಲ್ಲಿ ಅವನಿಗೆ ಬಾಟಲಿ ತೊಳೆಯುವ ಯಂತ್ರದ ಕೆಲಸ. ಹೋಳಿಗೆ ಊಟ ಮಾಡಿ, ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತ, “ನಂಗ ಕೊಡು ಅತ್ತೆ ಸಾಕೀನ. ಆ ಗಂಟು ಯಾರ್ ಕಣ್ಣಿಗ್ ಚುಚ್ಚಿದ್ರೂ ನನ್ ಕಣ್ಣಿಗ್ ಚುಚ್ಚಕಿಲ್ಲ” ಎಂದ. ಒಳಗೆ ಎಂಜಲು ಬಳಿಯುತ್ತಿದ್ದ ಸಾಕಮ್ಮನಿಗೆ ಆ ಮಾತು ಕೇಳಿಸಿತು. ಸಂತೋಷವಾಯಿತು, ಅದರ ಜೊತೆಗೇ ಸಣ್ಣದೊಂದು ಉರಿಯೂ ಆಯಿತು. ಬೇಡ ಎಂದವರ ಬಾಯಲ್ಲೂ ಗಂಟು, ಬೇಕು ಎಂದವನ ಬಾಯಲ್ಲೂ ಗಂಟೇ.

ಮದುವೆಯಾಗಿ ಮದರಾಸಿಗೆ ಬಂದ ತಿಂಗಳೊಪ್ಪತ್ತಿನಲ್ಲಿ ಇಬ್ಬರೂ ಸ್ಟುಡಿಯೋಗೆ ಹೋಗಿ ಫೋಟೊ ತೆಗೆಸಿಕೊಂಡರು. ಅವಳು ಕನಕಾಂಬರ ಮುಡಿದಿದ್ದಳು, ಅವನು ಯಾರದೋ ಕೋಟು ತೊಟ್ಟಿದ್ದ. ವಾರ ಬಿಟ್ಟು ಫೋಟೊ ತರಲು ಹೋದರೆ ಅದರಲ್ಲಿ ಸಾಕಮ್ಮನ ಹುಬ್ಬು ನುಣ್ಣಗಿತ್ತು. ಸ್ಟುಡಿಯೋದ ಮುದುಕ ಒಳ್ಳೆಯ ಮನಸ್ಸಿನಿಂದಲೇ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಗಂಟನ್ನು ಅಳಿಸಿಬಿಟ್ಟಿದ್ದ. ಅಂದಾನಿ ಅಲ್ಲೇ ಜಗಳಕ್ಕೆ ನಿಂತ. “ಇದು ನನ್ ಹೆಂಡ್ತಿಯಲ್ಲ. ಯಾರ್ ಹೆಂಡ್ತಿಯೋ ಏನೋ! ಇನ್ನೊಂದ್ ಸಲ ಹೊಡೀರಿ” ಎಂದು ಕನ್ನಡ, ಹರಕು ತಮಿಳು ಎರಡನ್ನೂ ಕಲಸಿ ಕೂಗಾಡಿದ. ಮುದುಕ ಗೊಣಗುತ್ತಲೇ ಮತ್ತೆ ಕೂರಿಸಿ ಹೊಸ ಫೋಟೊ ತೆಗೆದ. ಗಂಟಿನ ಸಮೇತ ಇದ್ದ ಆ ಫೋಟೊ ಗೋಡೆಗೆ ಬಂತು. ಊರಿನಿಂದ ಬಂದವರಿಗೆಲ್ಲ ಅಂದಾನಿ ಈ ಕಥೆ ಹೇಳದೆ ಬಿಡುತ್ತಿರಲಿಲ್ಲ. ಕೇಳಿದ ಹೆಂಗಸರು ಸಾಕಮ್ಮನ ಪುಣ್ಯ ಎನ್ನುತ್ತಿದ್ದರು. ಅವಳು ತಲೆ ತಗ್ಗಿಸಿ ನಗುತ್ತಿದ್ದಳು. ನುಣ್ಣನೆಯ ಹುಬ್ಬಿನ ಆ ಮೊದಲ ಫೋಟೊವನ್ನು ಒಂದು ಸಲವಾದರೂ ಕೈಯಲ್ಲಿ ಹಿಡಿದು ನೋಡಬೇಕು ಎಂದು ಅವಳಿಗಿದ್ದ ಆಸೆಯನ್ನು ಯಾರಿಗೆ ಹೇಳುವುದು?

ವರ್ಷಗಳು ಹೇಗೆ ಹೋದವೋ. ಆಗ ಹಾಲು ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು, ಮೇಲೆ ಬೆಳ್ಳಿಯಂಥ ತಗಡಿನ ಮುಚ್ಚಳ. ಅಂದಾನಿ ಡ್ಯೂಟಿ ಮುಗಿಸಿ ಬಂದರೆ ಬಟ್ಟೆಯೆಲ್ಲ ಹಾಲಿನ ಹುಳಿ ವಾಸನೆ. ಚಪ್ಪಲಿ ಬಿಡುವ ಮೊದಲೇ ಹೆಂಡತಿಯ ಹುಬ್ಬಿನ ತುದಿಯನ್ನು ಬೆರಳಲ್ಲಿ ಒತ್ತಿ, “ಎಲ್ಲಾ ನೆಟ್ಟಗದಾ?” ಎನ್ನುವುದು ಅವನ ಅಭ್ಯಾಸ. ಮುಂದೆ ಬಾಟಲಿ ಹೋಗಿ ಪ್ಯಾಕೆಟ್ ಬಂತು. ಸಾಕಮ್ಮ ಬೀದಿ ತುದಿಯ ಹಾಲಿನ ಬೂತಿನಲ್ಲಿ ಕೂರತೊಡಗಿದಳು. ಎಡಗಡೆ ಗೋಡೆ ಬರುವ ಹಾಗೆ ಸ್ಟೂಲು ಹಾಕಿಕೊಂಡು, ಕೂದಲನ್ನು ಆ ಕಡೆಗೆ ಇಳಿಬಿಟ್ಟು, ಬಲಗೆನ್ನೆಯನ್ನೇ ಗಿರಾಕಿಗಳಿಗೆ ತೋರಿಸುತ್ತ ಎಷ್ಟೋ ವರ್ಷ ಹಾಲು ಮಾರಿದಳು. ಮಗಳು ವಂದನಾ ಅಲ್ಲೇ ಹುಟ್ಟಿ, ಅಲ್ಲೇ ತಮಿಳು ಶಾಲೆಯಲ್ಲಿ ಓದಿ, ನುಂಗಂಬಾಕ್ಕಂನ ಇನ್ಶೂರೆನ್ಸ್ ಆಫೀಸು ಸೇರಿದಳು. ಮದುವೆಯಾಯಿತು, ಶ್ರೀಯಾ ಹುಟ್ಟಿದಳು. ಅಂದಾನಿ ರಿಟೈರಾದ.

ಹೋದ ವರ್ಷ ತಮಿಳರ ಆಡಿ ಮಾಸದ ಒಂದು ಮಧ್ಯಾಹ್ನ ವಂದನಾಳ ಫೋನು ಬಂತು. “ಅಮ್ಮಾ, ಹೊಟ್ಟೆ ತುಂಬಾ ನೋಯ್ತಿದೆ. ನಿಲ್ಲಕ್ಕೇ ಮುಡಿಯಲ, ಆಗ್ತಾನೇ ಇಲ್ಲ. ಆಫೀಸ್‌ನವರು ಆಸ್ಪತ್ರೆಗೆ ಕರ್ಕೊಂಡ್ ಬಂದಿದಾರೆ.” ಸಾಕಮ್ಮ, ಅಂದಾನಿ ಇಬ್ಬರೂ ಸಿಕ್ಕ ಆಟೋ ಹತ್ತಿ ನುಂಗಂಬಾಕ್ಕಂಗೆ ಓಡಿದರು. ಹೋಗುವ ಹೊತ್ತಿಗೆ ವಂದನಾ ಮಂಚದ ಮೇಲೆ ಮೊಣಕಾಲು ಎದೆಗೆ ಅವುಚಿಕೊಂಡು ವಾಂತಿ ಮಾಡುತ್ತಿದ್ದಳು. ಸ್ಕ್ಯಾನ್ ಮಾಡಿ ನೋಡಿದರೆ ಅಂಡಾಶಯದಲ್ಲಿ ಒಂದು ಗಡ್ಡೆ. ಅದರ ಭಾರಕ್ಕೆ ಅಂಡಾಶಯವೇ ಬಟ್ಟೆ ಹಿಂಡಿದಂತೆ ತಿರುಚಿಕೊಂಡಿತ್ತು. ತಡ ಮಾಡುವಂತಿಲ್ಲ ಎಂದು ಆಗಲೇ ಒಳಗೆ ಕರೆದುಕೊಂಡು ಹೋದರು. ಹೊಟ್ಟೆಯ ಮೇಲೆ ಸಣ್ಣ ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ತಿರುಚಿದ್ದನ್ನು ಬಿಡಿಸಿ, ಗಡ್ಡೆಯನ್ನಷ್ಟೇ ಬಿಡಿಸಿ ತೆಗೆದರು. ಅಂಡಾಶಯ ಉಳಿಯಿತು.

ಡಾಕ್ಟರ್ ತಾಮರೈಚೆಲ್ವಿ ಹೊರಗೆ ಬಂದು ಮೊಬೈಲಿನಲ್ಲಿ ಫೋಟೊ ತೋರಿಸಿದರು. ತುಪ್ಪ ಗಟ್ಟಿಯಾದಂಥ ಹಳದಿ ಜಿಡ್ಡು, ಅದರಲ್ಲಿ ಸುತ್ತಿಕೊಂಡ ಉದ್ದನೆಯ ಕೂದಲು, ಒಂದು ಮೂಲೆಯಲ್ಲಿ ಬೆಳ್ಳಗೆ ಹಲ್ಲಿನ ಚೂರು. ಸಾಕಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಯಾರೋ ಮಾಟ ಮಾಡಿಸಿದರೇ, ಹುಟ್ಟದೆ ಹೋದ ಮಗುವೇ?

“ಭಯಪಡಬೇಡಿ ಅಮ್ಮ” ಎಂದು ಡಾಕ್ಟರ್ ತಮಿಳಿನಲ್ಲೇ ಬಿಡಿಸಿ ಹೇಳಿದರು. “ಮಗುವೂ ಅಲ್ಲ, ಮಾಟವೂ ಅಲ್ಲ. ಇದಕ್ಕೆ ಡರ್ಮಾಯ್ಡ್ ಸಿಸ್ಟ್ ಅಂತಾರೆ. ಅಂಡಾಶಯದಲ್ಲಿರುವ ಅಂಡದ ಕಣ ಒಮ್ಮೊಮ್ಮೆ ತನ್ನಷ್ಟಕ್ಕೇ ಬೆಳೆಯೋಕೆ ಶುರು ಮಾಡಿಬಿಡುತ್ತೆ. ತೊಗಲು, ಕೂದಲು, ಹಲ್ಲು ಏನು ಬೇಕಾದರೂ ಮಾಡುತ್ತೆ. ಬಹುಪಾಲು ಏನೂ ತೊಂದರೆ ಇಲ್ಲ. ಆದರೂ ಒಂದು ಚೂರು ಟೆಸ್ಟಿಗೆ ಕಳಿಸಿದೀನಿ.” ಹೇಳುತ್ತ ಹೇಳುತ್ತ ಅವರ ಕಣ್ಣು ಸಾಕಮ್ಮನ ಹುಬ್ಬಿನ ಮೇಲೆ ನಿಂತಿತು. “ಇದು ಯಾವಾಗಿನಿಂದ ಇದೆ?”

“ಹುಟ್ಟಿದಾಗ್ಲಿಂದ.”

ಅವರು ಮೆಲ್ಲಗೆ ಮುಟ್ಟಿ, ಆಚೀಚೆ ಒತ್ತಿ ನೋಡಿದರು. “ನೋಡೋಕೆ ಇದೂ ಅದೇ ಜಾತಿಯದು ಅನ್ನಿಸುತ್ತೆ.”

ಸಾಕಮ್ಮ ಹುಬ್ಬನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. “ಹಂಗಾದ್ರೆ ನನ್ ಗಂಟೇ ನನ್ ಮಗಳ ಹೊಟ್ಟೆಗೆ ಇಳೀತಾ ಡಾಕ್ಟರಮ್ಮ?”

“ಇಲ್ಲಮ್ಮ, ಇಲ್ಲ. ಹೆಸರು ಒಂದೇ, ಬಂದ ದಾರಿ ಬೇರೆ. ತಾಯಿಯ ಗರ್ಭದಲ್ಲಿ ಮಗುವಿನ ಮುಖ ಕೂಡಿಕೊಳ್ಳುವಾಗ ಚಿಟಿಕೆಯಷ್ಟು ತೊಗಲು ಒಳಗೇ ಸಿಕ್ಕಿಹಾಕಿಕೊಂಡುಬಿಡುತ್ತೆ. ಅದು ಒಳಗೆ ಕೂತು ಜಿಡ್ಡು, ಕೂದಲು ಮಾಡುತ್ತ ನಿಧಾನಕ್ಕೆ ದಪ್ಪ ಆಗುತ್ತೆ. ಹುಬ್ಬಿನ ಹತ್ತಿರವೇ ಜಾಸ್ತಿ. ಕೆಲವರಿಗೆ ಮೂಗಿನ ಮೇಲೆ, ಕೆಲವರಿಗೆ ನಾಲಗೆಯ ಕೆಳಗೆ, ಕತ್ತಿನಲ್ಲಿ. ನೀವು ಮಗಳಿಗೆ ಕೊಟ್ಟದ್ದಲ್ಲ ಇದು.”

ಇಷ್ಟು ವಯಸ್ಸಾದ ಮೇಲೆ ತನ್ನ ಗಂಟಿಗೆ ಒಂದು ಹೆಸರಿದೆ ಎಂದು ಸಾಕಮ್ಮನಿಗೆ ತಿಳಿಯಿತು. ಶಾಪವಲ್ಲ, ದೇವರು ಮಡಗಿದ್ದಲ್ಲ, ಅದೃಷ್ಟವೂ ಅಲ್ಲ. ಚಿಟಿಕೆಯಷ್ಟು ತೊಗಲು.

ವಂದನಾ ಮನೆಗೆ ಬಂದಳು, ಟೆಸ್ಟಿನಲ್ಲಿ ಕೆಟ್ಟದ್ದೇನೂ ಬರಲಿಲ್ಲ. ಆಮೇಲೆ ಸಾಕಮ್ಮನ ಮಾತು ಬಂತು. ಒಂದೆರಡು ವರ್ಷದಿಂದ ಗಂಟು ಬೆಳೆದು ಎಡರೆಪ್ಪೆಯನ್ನು ಕೆಳಕ್ಕೆ ತಳ್ಳುತ್ತಿತ್ತು. ಸೂಜಿಗೆ ದಾರ ಪೋಣಿಸಲೂ ರೆಪ್ಪೆ ಎತ್ತಿ ಹಿಡಿಯಬೇಕು. ತಾಮರೈಚೆಲ್ವಿ ತೋರಿಸಿಕೊಳ್ಳಿ ಎಂದು ಹೇಳಿದ ಕಣ್ಣಿನ ಸರ್ಜನ್ ಸ್ಕ್ಯಾನ್ ನೋಡಿ, ಗಂಟು ಮೂಳೆಯಲ್ಲಿ ಒಂದು ಗುಳಿ ಮಾಡಿಕೊಂಡು ಕೂತಿದೆ, ಆದರೆ ಮೂಳೆ ದಾಟಿ ಒಳಗೆ ಹೋಗಿಲ್ಲ ಎಂದರು. “ಪೆಟ್ಟು ಬಿದ್ದು ಒಳಗೇ ಒಡೆದರೆ ಕಣ್ಣೆಲ್ಲ ಊದಿಕೊಳ್ಳುತ್ತೆ. ಚೀಲ ಒಡೆಯದ ಹಾಗೆ ಇಡಿಯಾಗಿ ತೆಗೆದರೆ ಮತ್ತೆ ಬರಲ್ಲ. ಯೋಚನೆ ಮಾಡಿ ಹೇಳಿ.”

ಯೋಚನೆ ಮಾಡಿದವನು ಅಂದಾನಿ. “ಬ್ಯಾಡ ಕನ ಸಾಕಿ. ಇಷ್ಟ್ ವರ್ಸ ಇದ್ದದ್ದು ಇರ್ಲಿ ಬುಡು. ಕಣ್ ಪಕ್ಕ ಕತ್ತಿ ಆಡ್ಸದು ಅಂದ್ರ ತಮಾಷೆಯಾ? ಅದಿಲ್ದೆ ನೀನ್ ನೀನಾಗೇ ಇರಕಿಲ್ಲ.”

ಸಾಕಮ್ಮ ಸೊಪ್ಪು ಸೋಸುತ್ತಿದ್ದಳು. ಅವನನ್ನು ಚಿಕ್ಕಂದಿನಿಂದ ಕರೆದಂತೆ ಬಾವ ಎಂದೇ ಕರೆಯುತ್ತಿದ್ದಳು. “ಬಾವ, ಒಂದ್ ಮಾತ್ ಹೇಳ್ಲಾ? ನಂಗ ಅದು ಯಾವತ್ತೂ ಇಷ್ಟ ಇರ್ನಿಲ್ಲ.”

“ಏನಂದೆ?”

“ನೀನು ಅದ್ನ ಮುಟ್ದಾಗೆಲ್ಲ ನಂಗ ಖುಷಿ ಆಗದು. ಸುಳ್ ಹೇಳಕಿಲ್ಲ. ಆದ್ರ ಬೂತ್‌ನಲ್ಲಿ ಗೋಡೆಗ್ ಮುಖ ಮಾಡ್ಕಂಡು ಕೂತವ್ಳು ನಾನು. ಮಗಳ ಮದ್ವೆ ಫೋಟೊದಲ್ಲಿ ಕಂಬದ ಮರೇಲಿ ನಿಂತವ್ಳು ನಾನು. ಅವ್ವ ಸುಣ್ಣ ಬಳುದ್ಲು, ಊರೋರು ಎದ್ದು ಹೋದ್ರು, ನೀನು ಬೇಕು ಅಂದೆ. ನಿಂಗೇನ್ ಬೇಕು ಸಾಕಿ ಅಂತ ಒಬ್ರಾದ್ರೂ ಕೇಳಿದ್ರಾ?”

ಅಂದಾನಿ ಎದ್ದು ಬಾಗಿಲ ತನಕ ಹೋದ, ಮತ್ತೆ ಬಂದು ಕೂತ. ಸ್ಟುಡಿಯೋ ಜಗಳದ ಕಥೆಯನ್ನು ಎಷ್ಟು ಜನರ ಮುಂದೆ, ಎಷ್ಟು ಹೆಮ್ಮೆಯಿಂದ ಹೇಳಿದ್ದ! ಅವಳ ಮುಂದಿನ ಸೊಪ್ಪಿನ ರಾಶಿಯಿಂದ ಒಂದು ಹಿಡಿ ಎಳೆದುಕೊಂಡು ತಾನೂ ಸೋಸತೊಡಗಿದ. ಸೋಸುತ್ತಲೇ, “ಮೊದ್ಲೇ ಹೇಳ್ಬಾರ್ದಾಗಿತ್ತಾ ಅಮ್ಮಿ?” ಎಂದ.

“ಹೇಳಿದ್ರ ನೀನ್ ನೊಂದ್ಕತಿದ್ದೆ.”

“ಈಗ್ಲೂ ನೊಂದ್ಕಂಡೆ. ಇರ್ಲಿ. ಯಾವತ್ ಬರಕ್ಕೆ ಹೇಳವ್ರೆ?”

ಅವಳಿಗೆ ಪೂರ್ತಿ ಎಚ್ಚರ ತಪ್ಪಿಸಿ ಆಪರೇಷನ್ ಮಾಡಿದರು. ಹುಬ್ಬಿನ ಕೂದಲಿನ ಸಾಲಿನಲ್ಲೇ ಕೊಯ್ದು, ಗಂಟನ್ನು ಅದರ ಚೀಲದ ಸಮೇತ ಮೂಳೆಯಿಂದ ಬಿಡಿಸಿ ತೆಗೆದು, ಹೊಲಿಗೆ ಹಾಕಿದರು. ಅವಳಿಗೆ ಎಚ್ಚರವಾದಾಗ ನರ್ಸ್ ಒಂದು ಸಣ್ಣ ಡಬ್ಬಿ ತೋರಿಸಿದಳು. ನೀರಿನಂಥದ್ದರಲ್ಲಿ ಮಾಸಲು ಬಣ್ಣದ ಒಂದು ಉಂಡೆ, ನೇರಳೆಹಣ್ಣಿಗಿಂತ ದೊಡ್ಡದೇನಲ್ಲ. ಇಷ್ಟೇನಾ ಎನ್ನಿಸಿತು ಸಾಕಮ್ಮನಿಗೆ. ಇಷ್ಟಕ್ಕೆ ಒಂದು ಇಡೀ ಆಯಸ್ಸು ಎಡಗಡೆ ಕೂದಲು ಇಳಿಬಿಟ್ಟು ಬದುಕಿದೆನಾ. ಶ್ರೀಯಾ ಬ್ಯಾಂಡೇಜನ್ನು ಬೆರಗಿನಿಂದ ನೋಡುತ್ತ, “ವಲಿಕ್ಕುದಾ ಅಜ್ಜಿ?” ಎಂದು ಕೇಳಿದಳು. ನೋವೇನೂ ಇಲ್ಲ ಕಂದಾ ಎಂದಳು ಸಾಕಮ್ಮ. ನೋವಿತ್ತು, ಚೂರು.

ಹೊಲಿಗೆ ಬಿಚ್ಚಿ, ಊತ ಇಳಿದ ಮೇಲೆ ಒಂದು ಸಂಜೆ ಅವಳು ಮುಖ ತೊಳೆದು ಕುಂಕುಮ ಇಟ್ಟುಕೊಳ್ಳಲು ಕನ್ನಡಿಯ ಮುಂದೆ ನಿಂತಳು. ರೆಪ್ಪೆ ಮೇಲೆ ಹೋಗಿ ಎರಡು ಕಣ್ಣೂ ಸಮವಾಗಿ ತೆರೆದಿದ್ದವು. ಅಂದಾನಿ ಹಿಂದಿನಿಂದ ಬಂದು ಕನ್ನಡಿಯಲ್ಲೇ ಅವಳನ್ನು ನೋಡಿದ, ನೋಡಿ ಹಾಗೇ ನಿಂತುಬಿಟ್ಟ.

“ಏನ್ ಬಾವ, ಬ್ಯಾರೆ ಯಾರೋ ಅನ್ನಿಸ್ತದಾ?”

“ಬ್ಯಾರೆಯವ್ರಲ್ಲ ಕನ. ಹುಚ್ಚತ್ತೆ! ನೋಡು, ತದ್ವತ್ ನಮ್ಮ ಹುಚ್ಚತ್ತೆ ಬಂದ್ ನಿಂತಂಗದ.”

ಸಾಕಮ್ಮ ಕನ್ನಡಿಗೆ ಇನ್ನಷ್ಟು ಹತ್ತಿರ ಹೋದಳು. ಹೌದು. ಆ ಬಿಲ್ಲಿನಂಥ ಹುಬ್ಬು, ಕಣ್ಣಿನ ಕೊನೆ ಚೂರು ಮೇಲಕ್ಕೆ ಎಳೆದಂತಿರುವುದು, ಎಲ್ಲ ಅವ್ವನದೇ. ಇಷ್ಟು ವರ್ಷ ಗಂಟೊಂದೇ ಕಾಣುತ್ತಿತ್ತು, ಅದರ ಪಕ್ಕದ ಮುಖ ಯಾರದೆಂದು ಯಾರೂ ನೋಡಿರಲಿಲ್ಲ, ತಾನೂ ನೋಡಿರಲಿಲ್ಲ. ಹುಚ್ಚಮ್ಮ ಸತ್ತು ಎಷ್ಟೋ ಕಾಲವಾಗಿತ್ತು, ಅವಳದೊಂದು ಫೋಟೊ ಕೂಡ ಇರಲಿಲ್ಲ. ಮುಖ ಮರೆತೇಹೋಯಿತಲ್ಲ ಎಂದು ಸಾಕಮ್ಮ ಎಷ್ಟು ಸಲ ಒಬ್ಬಳೇ ಅತ್ತಿದ್ದಳು.

ಅವತ್ತು ದೀಪ ಹಚ್ಚಿದ ಮೇಲೆ ಇಬ್ಬರೂ ಬಾಗಿಲಲ್ಲಿ ಕೂತು ಹುಚ್ಚಮ್ಮನ ಮಾತನ್ನೇ ಆಡಿದರು. ಸಂತೆಗೆ ಹೊರಟರೆ ಓಡಿದಂತೆ ನಡೆಯುತ್ತಿದ್ದದ್ದು, ಸಿಟ್ಟು ಬಂದರೆ ಒನಕೆಗೇ ಬೈಯುತ್ತಿದ್ದದ್ದು, ಅಳಿಯ ಬಂದನೆಂದರೆ ಇದ್ದ ಒಂದು ಕೋಳಿಯನ್ನೂ ಹಿಡಿಸುತ್ತಿದ್ದದ್ದು. ಅಂದಾನಿ ಅವಳ ದನಿಯನ್ನೇ ಮಾಡಿ ತೋರಿಸಿದ. ಸಾಕಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು, ಹೊಸ ಗಾಯ ಎಳೆದು ನೋಯಿತು, ಆದರೂ ನಗು ನಿಲ್ಲಲಿಲ್ಲ.